ಒಗೆಯೋದು ಹ್ಯಾಂಗ

ಶನಿವಾರ ಮಧ್ಯಾಹ್ನ, ಧಾರವಾಡದ ಪಾಲಿಟೆಕ್ನಿಕ್ಕು, ಮೂರನೇ ಲ್ಯಾಬು.
ಬ್ರೆಡ್‌ಬೋರ್ಡುಗಳನ್ನೆಲ್ಲ ಕಪಾಟಿಗೆ ಹಾಕಿ ಕೀಲಿ ಜಡಿದೆ.
ಮೇಜಿನ ಮೇಲೆ ಸೂಜಿ, ಕತ್ತರಿ, ಹಳೇ ಅಂಗಿ,
ಪುಣೆಯಿಂದ ತರಿಸಿದ ವಿದ್ಯುತ್ತು ಹರಿಯುವ ಬೆಳ್ಳಿದಾರ.
ಹೂ ಮಾರುವವಳಂತೆ ಮೊಳ ಹಾಕಿ ಕೊಟ್ಟೆ,
ಸ್ವಲ್ಪ ಬಿಗಿಯಾಗಿಯೇ.

ಹತ್ತೊಂಬತ್ತು ವರ್ಷ ಕರಿಹಲಗೆಯ ಮೇಲೆ ಸರ್ಕೀಟು ಬರೆದವನು ನಾನು.
ಸೀಮೆಸುಣ್ಣದ ಗೆರೆ ಎಂದೂ ಬೆವರಲಿಲ್ಲ,
ಮೊಣಕೈ ಮಡಚಿದರೆ ಹರಿಯಲಿಲ್ಲ.

ಮೊದಲ ತಾಸು ದಾರ ಪೋಣಿಸುವುದರಲ್ಲೇ ಹೋಯಿತು.
ಕಿರ್ಚಾಫನ ನಿಯಮ ನಿದ್ದೆಯಲ್ಲೂ ಹೇಳುವ ಈರಣ್ಣ ಬಡಿಗೇರ
ಸೂಜಿಗಣ್ಣಿನ ಮುಂದೆ ತನ್ನೆರಡೂ ಕಣ್ಣು ಕಿರಿದು ಮಾಡಿ ಸೋತ.
ಎರಡು ಸಲ ನಪಾಸಾದ ತೌಸೀಫ, ಲೈನ್ ಬಜಾರಿನ ದರ್ಜಿಯ ಮಗ,
ನಾಲಿಗೆ ತುದಿಗೆ ದಾರ ಮುಟ್ಟಿಸಿ ಒಂದೇ ಏಟಿಗೆ ಪೋಣಿಸಿದ.
ಆಮೇಲೆ ಎಲ್ಲರೂ ಅವನನ್ನೇ ಕೇಳಿದರು.
ನಾನೂ ಕೇಳಿದೆ.

ಭಾರತಿ ತಂದದ್ದು ಅವ್ವನ ಕೆಲಸದ ಜಾಕೀಟು, ಮಹಾನಗರ ಪಾಲಿಕೆಯದು,
ಕಿತ್ತಳೆ ಬಣ್ಣ ಬಿಸಿಲಿಗೆ ಸೋತು ಹಳದಿಗೆ ತಿರುಗಿದ್ದು.
ಬೆಳಗಿನ ಐದಕ್ಕೆ ರಸ್ತೆ ಗುಡಿಸುವಾಗ
ಹಿಂದಿನಿಂದ ಬರುವ ಲಾರಿಗೆ ಅವ್ವ ಕಾಣಬೇಕು.
ಅಷ್ಟೇ ಅವಳ ಡಿಸೈನು: ಕತ್ತಲಾದರೆ ತಾನೇ ಹತ್ತುವ ಆರು ದೀಪ.

ಕಸೂತಿ ಬಲ್ಲ ಹುಡುಗಿ. ಎಳೆ ಎಣಿಸಿ ಗಾವಂತಿ ಹಾಕಿದಳು:
ಹೋದ ದಾರಿಯಲ್ಲೇ ಮರಳಿ, ಎಲ್ಲೂ ಗಂಟಿಲ್ಲ,
ಒಳಮೈ ಹೊರಮೈ ಒಂದೇ.
ಅಂಥ ಚೆಂದದ ಶಾರ್ಟ್ ಸರ್ಕೀಟನ್ನು ನಾನು ಜನ್ಮದಲ್ಲಿ ನೋಡಿರಲಿಲ್ಲ.
ದೀಪ ಹತ್ತಲಿಲ್ಲ. ಸೆಲ್ಲು ಮಾತ್ರ ಅಂಗೈಯಲ್ಲಿ ಬೆಚ್ಚಗಾಯಿತು,
ಆಗಷ್ಟೇ ಇಟ್ಟ ಕೋಳಿಮೊಟ್ಟೆಯಂತೆ.

"ಹ್ವಾದ ದಾರಿಲೇ ತಿರುಗಿ ಬರಬೇಕಂತ ನಮ್ಮ ಆಯಿ ಕಲಿಸ್ಯಾಳ್ರಿ ಸರ್."
"ಇಲ್ಲೆ ಹೋಗೂದು ಬ್ಯಾರೆ, ಬರೂದು ಬ್ಯಾರೆ. ನಡುವ ಎಲ್ಲೂ ಮುಟ್ಟಬಾರದು.
ಗಂಟಂತೂ ಹಾಕಲೇಬೇಕು. ಗಂಟಿನ ಮ್ಯಾಲೆ ನೇಲ್ ಪಾಲಿಶ್."
ಮೂರು ಶನಿವಾರದ ಹೊಲಿಗೆ, ಹತ್ತೇ ನಿಮಿಷದಲ್ಲಿ ಬಿಚ್ಚಿದಳು.
ಕಾಣದ ಆ ಮುದುಕಿಯ ಮುಂದೆ ಎದುರುತ್ತರ ಕೊಟ್ಟಂತೆ
ನನಗೆ ಕಿವಿ ಬಿಸಿಯಾಯಿತು.

ಸ್ಟಾಕ್ ರಿಜಿಸ್ಟರಿನಲ್ಲಿ ಬರೆದೆ: ನೇಲ್ ಪಾಲಿಶ್, ಕೆಂಪು, ಒಂದು ಬಾಟಲಿ.
ವಿಭಾಗದ ಮುಖ್ಯಸ್ಥರು ಸಹಿ ಮಾಡಲು ಎರಡು ದಿನ ತೆಗೆದುಕೊಂಡರು.

ದಾರಗಳು ಒಂದನ್ನೊಂದು ದಾಟಲೇಬೇಕಾದಲ್ಲಿ
ಖಣದ ಚೂರು ನಡುವೆ ಇಟ್ಟು ಹೊಲಿದಳು.
ಯಾವ ಪುಸ್ತಕದಲ್ಲೂ ಇಲ್ಲದ ಸೇತುವೆ, ಹಸಿರು, ಕೆಂಪಂಚು.

ದ್ಯಾಮವ್ವ ಬಂದಳು, ಪಾಳಿ ಮುಗಿಸಿ.
ಬಾಗಿಲಲ್ಲಿ ಚಪ್ಪಲಿ ಬಿಡಹೋದಳು, ಬ್ಯಾಡ ಅಂದೆವು, ಆದರೂ ಬಿಟ್ಟಳು.
ಜಾಕೀಟು ತೊಟ್ಟು ನಿಂತಳು ಕಿಟಕಿಯ ಬೆಳಕಿನಲ್ಲಿ.
"ಎಲ್ಲೈತವಾ ದೀಪ?"
ಈರಣ್ಣ ಅವಳ ಹೆಗಲ ಮೇಲಿನ ಸೆನ್ಸರಿಗೆ ಅಂಗೈ ಮುಚ್ಚಿದ.
ಬೆನ್ನ ಮೇಲೆ ಆರೂ ಹತ್ತಿದವು, ಅವಳೊಬ್ಬಳನ್ನು ಬಿಟ್ಟು ಎಲ್ಲರಿಗೂ ಕಂಡವು.
ತೌಸೀಫ ಮೊಬೈಲಿನಲ್ಲಿ ಫೋಟೋ ಹೊಡೆದು ತೋರಿಸಿದ.
ಬಹಳ ಹೊತ್ತು ನೋಡಿದಳು.
ಆಮೇಲೆ ಅಂಚು ತಿರುವಿ, ಸಂತೆಯಲ್ಲಿ ಸೀರೆ ನೋಡುವಂತೆ
ಒಳಗಿನ ಹೊಲಿಗೆಯನ್ನು ಹೆಬ್ಬೆರಳಿನಿಂದ ಒತ್ತಿ,

"ಛಲೋ ಐತಿ. ಒಗೆಯೋದು ಹ್ಯಾಂಗ?"

ಫ್ಯಾನು ತಿರುಗುತ್ತಿತ್ತು.
"ದಿನಾ ಒಗೀಬೇಕ್ರಿ ಇದನ. ಗಟಾರದ ನೀರು ಸಿಡೀತೈತಿ."
ಹದಿನಾಲ್ಕು ಮಂದಿ ಭಾವೀ ಡಿಪ್ಲೊಮಾದವರು, ಒಬ್ಬ ಮೇಷ್ಟ್ರು,
ಎಲ್ಲರೂ ನೆಲ ನೋಡಿದೆವು.

ಮತ್ತೆ ಬಿಚ್ಚಿದೆವು.
ತೌಸೀಫನ ಅಪ್ಪ ಒಂದು ಹಾಳೆ ಟಿಚ್‌ಗುಂಡಿ ಕೊಟ್ಟರು, ದುಡ್ಡು ಬ್ಯಾಡಂದರು.
ಸೆಲ್ಲು, ಸೆನ್ಸರು, ಪುಟ್ಟ ಬೋರ್ಡು ಈಗ ಚಟ್ಟನೆ ಕಿತ್ತು
ಜೇಬಿಗಿಟ್ಟುಕೊಳ್ಳುವಂತಾದವು.
ಕ್ಯಾಂಟೀನಿನ ಹಿಂದಿನ ಕಲ್ಲಿನ ಮೇಲೆ ಸಾಬೂನು ಹಚ್ಚಿ ಬಡಿದೆವು.
ಮೊದಲ ಒಗೆತಕ್ಕೆ ಎರಡು ದೀಪ ಸತ್ತವು.
ನಾಲ್ಕನೆಯದಕ್ಕೆ ಬೆಳ್ಳಿದಾರ ಕಪ್ಪಾಯಿತು.
ದ್ಯಾಮವ್ವ ಈರಣ್ಣನ ಕೈಯಿಂದ ಬಟ್ಟೆ ಕಸಿದು, "ಹಿಂಗ ಹಿಂಡಬಾರದಪ್ಪಾ," ಅಂದು
ಹಿಂಡದೇ ನೆರಳಿಗೆ ಹರವಿದಳು.

ಆಂತರಿಕ ಅಂಕದ ಹಾಳೆಯಲ್ಲಿ "ಫಲಿತಾಂಶ" ಎಂಬಲ್ಲಿ ಎರಡೇ ಸಾಲಿನ ಜಾಗ.
ಬರೆದೆ:
ಒಂಬತ್ತು ಒಗೆತದ ನಂತರ ಆರರಲ್ಲಿ ಐದು ಹತ್ತುತ್ತವೆ.
ಆರನೆಯದನ್ನು ಭಾರತಿ ನೋಡುತ್ತಿದ್ದಾಳೆ.